ಬೋಳುಮಂಡೆಗಳಿಗೆ ಬಂದ ಕಲೆ

"ಟಾರ್ಚ್ ನೆಟ್ಟಗೆ ಹಿಡಿಯೇ! ಯಾಕೆ ಹೀಗೆ ಕುಣಿಸ್ತೀಯ?"

"ಕುಣಿಸ್ತಿಲ್ಲಮ್ಮ. ಕೈ ನೋಯ್ತಿದೆ."

ಪಿಟೀಲು ಅರ್ಧ ಗಂಟೆಯಿಂದ ನೆಲಮಾಳಿಗೆಯಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಅಲ್ಲಿನ ಬಲ್ಬು ಹೆಸರಿಗೆ ಮಾತ್ರ ಉರಿಯುತ್ತಿತ್ತು. ಅಮ್ಮ ರ‍್ಯಾಕಿನ ಮುಂದೆ ಬಗ್ಗಿ, ಒಂದೊಂದೇ ಟ್ರೇಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದಳು. ಕೊನೆಗೆ ಒಂದು ಅಣಬೆಯನ್ನು ಮೆಲ್ಲಗೆ ತಿರುವಿ ಕಿತ್ತು ಬೆಳಕಿಗೆ ಹಿಡಿದಳು.

ಬೆಳ್ಳಗೆ ದುಂಡಗಿರಬೇಕಾದ ಅಣಬೆಯ ತಲೆಯ ಮೇಲೆ ಕಂದು ಬಣ್ಣದ ಕಲೆ ಇತ್ತು. ಯಾರೋ ಚಹಾ ಚೆಲ್ಲಿದ ಹಾಗೆ. ಅಮ್ಮ ಬೆರಳಿನಿಂದ ಒತ್ತಿ ನೋಡಿದಳು. ಅಂಟಂಟಾಗಿತ್ತು.

"ಇದಕ್ಕೂ ಬಂದಿದೆ. ಪಕ್ಕದ್ದಕ್ಕೂ ಬಂದಿದೆ. ಮೇಲಿನ ಟ್ರೇ ಪೂರ್ತಿ ಹೋಯ್ತು," ಎಂದಳು ಅಮ್ಮ. "ಈ ಗೋಡೆಗೆ ತೇವ ಹತ್ತಿದೆ ಕಣೇ. ಬೆಳಿಗ್ಗೆ ಬಂದು ನೋಡಿದ್ರೆ ಎಲ್ಲಾ ಒದ್ದೆ ಒದ್ದೆ. ಈ ಜಾಗವೇ ಕೆಟ್ಟುಹೋಗಿದೆ."

ಪಿಟೀಲು ಟಾರ್ಚನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಚೆಂದದ ಹೆಸರೊಂದಿತ್ತು. ಮನೆಯಲ್ಲಿ ಮಾತ್ರ ಅದನ್ನು ಯಾರೂ ಬಳಸುತ್ತಿರಲಿಲ್ಲ. ತೊಟ್ಟಿಲಲ್ಲಿದ್ದಾಗ ಸಣ್ಣ ದನಿ ತೆಗೆದು ಗಂಟೆಗಟ್ಟಲೆ ಅಳುತ್ತಿದ್ದಳಂತೆ. "ಇದು ಮಗುವಲ್ಲ, ಪಿಟೀಲು!" ಎಂದುಬಿಟ್ಟಿದ್ದ ಅಜ್ಜ. ಅಳು ಯಾವತ್ತೋ ನಿಂತುಹೋದರೂ ಹೆಸರು ಅಂಟಿಕೊಂಡೇ ಉಳಿಯಿತು. ಈಗ ಅವಳಿಗೆ ಹತ್ತು ವರ್ಷ.

"ನಿನ್ನೆ ಹೋಟೆಲಿನವರು ಡಬ್ಬ ವಾಪಸ್ ಕಳಿಸಿದ್ರು," ಎಂದಳು ಅಮ್ಮ. "ಮಚ್ಚೆ ಇರೋ ಅಣಬೆ ಯಾರು ತಿಂತಾರೆ ಅಂತ ಕೇಳಿದ್ರು. ನಾನೇನು ಹೇಳ್ಲಿ?"

"ಮುಂದಿನ ಸರತಿಗೆ ಸರಿ ಹೋಗುತ್ತೆ ಅಮ್ಮ."

ಟ್ರೇಯಲ್ಲಿನ ಅಣಬೆಯನ್ನೆಲ್ಲ ಒಮ್ಮೆ ಕಿತ್ತರೆ, ಎಂಟು ಹತ್ತು ದಿನಕ್ಕೆ ಅದೇ ಗೊಬ್ಬರದಲ್ಲಿ ಇನ್ನೊಂದು ಗುಂಪು ಏಳುತ್ತದೆ. ಅವರ ಮನೆಯಲ್ಲಿ ಅದಕ್ಕೆ ಸರತಿ ಎನ್ನುತ್ತಿದ್ದರು.

"ಅದೇ ಕೊನೇದು," ಎಂದಳು ಅಮ್ಮ. "ಮುಂದಿನ ಸರತಿಗೂ ಕಲೆ ಬಂದ್ರೆ ರ‍್ಯಾಕ್ ಎಲ್ಲಾ ಬಿಚ್ಚಿಬಿಡ್ತೀನಿ. ಪಕ್ಕದ ಹಾಸಿಗೆ ಅಂಗಡಿಯವರು ಗೋಡೌನಿಗೆ ಜಾಗ ಬೇಕು ಅಂತ ಕೇಳ್ತಾನೇ ಇದಾರೆ."

ಪಿಟೀಲು ಟಾರ್ಚನ್ನು ಸುತ್ತಲೂ ಹಾಯಿಸಿದಳು. ಇಲ್ಲಿ ಹಾಸಿಗೆಗಳೇ? ಅಜ್ಜನ ನೆಲಮಾಳಿಗೆಯಲ್ಲೇ?

"ಮತ್ತೆ ಕೇಳು. ಈ ಕಲೆ ವಿಷಯ ಅಜ್ಜನ ಕಿವಿಗೆ ಬೀಳಬಾರದು. ಸುಮ್ನೆ ಕೊರಗ್ತಾರೆ."

ತಲೆಯಾಡಿಸಿ ಪಿಟೀಲು ಹದಿನಾಲ್ಕು ಮೆಟ್ಟಿಲು ಹತ್ತಿ ಮೇಲೆ ಬಂದಳು. ಅಜ್ಜ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದ. ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. "ವಾಕರ್ ಹಿಡಿದು ಮನೆಯೊಳಗೆ ಓಡಾಡಿ. ಆದರೆ ಮೆಟ್ಟಿಲಿನ ಆಸೆ ಬಿಟ್ಟುಬಿಡಿ," ಎಂದಿದ್ದರು ಡಾಕ್ಟರು. ಅಂದಿನಿಂದ ಅಜ್ಜ ನೆಲಮಾಳಿಗೆಯ ಮುಖ ನೋಡಿಲ್ಲ.

"ಏನಂತಾವೆ ನಮ್ಮ ಬೋಳುಮಂಡೆಗಳು?" ಎಂದು ಕೇಳಿದ ಅಜ್ಜ. ಅಣಬೆಗಳಿಗೆ ಅವನಿಟ್ಟ ಹೆಸರು ಅದು. ಅಜ್ಜನ ತಲೆಯೂ ಹಾಗೇ ಇತ್ತು, ಆದ್ದರಿಂದ ಅವೆಲ್ಲ ತನ್ನ ನೆಂಟರು ಎನ್ನುತ್ತಿದ್ದ.

"ಚೆನ್ನಾಗಿವೆ ಅಜ್ಜ."

"ಬೆಳ್ಳಗಿದಾವಾ?"

"ಹೂಂ, ಬೆಳ್ಳಗೆ," ಎಂದು ಪಿಟೀಲು ಹೋಮ್‌ವರ್ಕ್ ನೆಪ ಹೇಳಿ ಒಳಗೆ ಓಡಿದಳು. ಅಜ್ಜನಿಗೆ ಅವಳು ಸುಳ್ಳು ಹೇಳಿದ್ದು ಅದೇ ಮೊದಲು.

ಅಜ್ಜ ಬೀಳುವ ಮೊದಲಿನ ಸಂಜೆಗಳು ಎಷ್ಟು ಚೆನ್ನಾಗಿದ್ದವು! ಶಾಲೆಯಿಂದ ಬಂದವಳೇ ಬ್ಯಾಗ್ ಬಿಸಾಕಿ ಪಿಟೀಲು ನೆಲಮಾಳಿಗೆಗೆ ಇಳಿಯುತ್ತಿದ್ದಳು. ಅಲ್ಲಿ ಬೇಸಿಗೆಯಲ್ಲೂ ತಂಪು. ಒಳಗೆ ಕಾಲಿಟ್ಟರೆ ಒದ್ದೆ ಮಣ್ಣಿನ ವಾಸನೆ, ಹಳೇ ಮರದ ವಾಸನೆ. ಅಜ್ಜ ಸ್ಪ್ರೇ ಕ್ಯಾನ್ ಹಿಡಿದು ಟ್ರೇಗಳ ಮೇಲೆ ಮಂಜು ಬಿದ್ದ ಹಾಗೆ ನೀರು ಸಿಂಪಡಿಸುತ್ತಿದ್ದ. "ಸಂಜೆ ಹೊತ್ತಿಗೆ ಇವಕ್ಕೆ ಬಾಯಾರಿಕೆ ಆಗುತ್ತೆ," ಎನ್ನುತ್ತಿದ್ದ.

ಆಮೇಲೆ ಕೋಲಿನ ತುದಿಯಿಂದ ಮೂರು ಗಾಳಿಕಿಂಡಿಗಳನ್ನು ದೂಡಿ ತೆರೆಯುತ್ತಿದ್ದ. ಕಿಂಡಿಗಳು ಸೂರಿಗೆ ತಾಗಿಕೊಂಡು, ಹೊರಗಿನ ರಸ್ತೆಯ ಮಟ್ಟಕ್ಕೆ ಇದ್ದವು. ಅಲ್ಲಿಂದ ಜನರ ಮುಖ ಕಾಣಿಸುತ್ತಿರಲಿಲ್ಲ, ಬರೀ ಕಾಲು ಕಾಣಿಸುತ್ತಿದ್ದವು. ಇಬ್ಬರೂ ಖಾಲಿ ಟ್ರೇಗಳನ್ನು ಬೋರಲು ಹಾಕಿ ಕುಳಿತುಕೊಳ್ಳುತ್ತಿದ್ದರು. ಆಗ ಶುರುವಾಗುತ್ತಿತ್ತು ಅಜ್ಜನ ಕತೆ.

"ನೋಡು, ಕೀಚು ಬೂಟಿನವನು ಬಂದ. ಅವನು ಯಾರು ಗೊತ್ತಾ? ಪತ್ತೇದಾರ."

"ಸುಳ್ಳು!"

"ನಿಜ ಕಣೇ. ಆದ್ರೆ ಬೂಟು ಕೀಚ್ ಕೀಚ್ ಅನ್ನುತ್ತಲ್ಲ, ಅದಕ್ಕೇ ಇಪ್ಪತ್ತು ವರ್ಷದಿಂದ ಒಬ್ಬ ಕಳ್ಳನೂ ಸಿಕ್ಕಿಲ್ಲ. ಹೋದ ವಾರ ಏನಾಯ್ತು ಅಂದ್ರೆ..."

ಹಸಿರು ಸ್ಯಾಂಡಲಿನ ಹೆಂಗಸು ಸರ್ಕಸ್ಸಿನಿಂದ ಓಡಿಬಂದವಳು. ಕುಂಟುತ್ತ ಹೋಗುವ ಮುದುಕ ಒಂದು ಕಾಲದಲ್ಲಿ ಹಡಗಿನ ಕ್ಯಾಪ್ಟನ್. ದಾರಿಯಲ್ಲಿ ಹೋಗುವ ಒಂದು ಜೊತೆ ಕಾಲನ್ನೂ ಅಜ್ಜ ಬಿಡುತ್ತಿರಲಿಲ್ಲ. ಕತೆಯ ನಡುವೆ ಆಗಾಗ ಎದ್ದು ಹೋಗಿ ಅಣಬೆಗಳ ತಲೆಯನ್ನು ಬೆರಳಿನ ಹಿಂಬದಿಯಿಂದ ಮೆಲ್ಲಗೆ ಸವರಿ ಬರುತ್ತಿದ್ದ. ಪ್ರೀತಿಯಿಂದ ತಲೆ ನೇವರಿಸುತ್ತಾನೆ ಎಂದೇ ಪಿಟೀಲು ತಿಳಿದಿದ್ದಳು.

ಒಂದೇ ಒಂದು ಬೇಜಾರು ಎಂದರೆ, ಅಜ್ಜ ಇದ್ದಕ್ಕಿದ್ದ ಹಾಗೆ ಕತೆ ನಿಲ್ಲಿಸಿಬಿಡುತ್ತಿದ್ದ. ಕ್ಯಾಪ್ಟನ್ ನಡುಗಡಲಿನಲ್ಲಿರಲಿ, ಕಳ್ಳ ಗೋಡೆಯ ಮೇಲಿರಲಿ, ಅಜ್ಜ ಅಣಬೆ ಸವರಿ ಬಂದು, "ಇವತ್ತಿಗೆ ಸಾಕು, ನಡಿ," ಎಂದು ಕಿಂಡಿ ಮುಚ್ಚುತ್ತಿದ್ದ. ಎಷ್ಟು ಗೋಗರೆದರೂ ಮುಂದಿನದು ನಾಳೆಗೇ.

ಅಜ್ಜ ಬಿದ್ದ ಮೇಲೆ ಎಲ್ಲ ಬದಲಾಯಿತು. ಅಪ್ಪ ಲಾರಿ ಓಡಿಸುತ್ತಿದ್ದದ್ದರಿಂದ ಮನೆಯಲ್ಲಿರುತ್ತಿದ್ದದ್ದು ತಿಂಗಳಿಗೆ ಎರಡು ದಿನ. ಅಮ್ಮನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ. ಅವಳು ಬೆಳಿಗ್ಗೆ ಬೇಗ ಎದ್ದು ಕಿಂಡಿ ತೆರೆದು ನೀರು ಸಿಂಪಡಿಸಿ, ಅಡುಗೆ ಮುಗಿಸಿ, ಕಿಂಡಿ ಮುಚ್ಚಿ ಪ್ರೆಸ್ಸಿಗೆ ಓಡುತ್ತಿದ್ದಳು. ಸಂಜೆ ನೀರಿಲ್ಲ, ಕತೆಯಿಲ್ಲ. ನೆಲಮಾಳಿಗೆಗೆ ಯಾರೂ ಇಳಿಯುತ್ತಲೂ ಇರಲಿಲ್ಲ.

ಯಾರೂ ಅಂದರೆ, ಅಮ್ಮನಿಗೆ ಗೊತ್ತಿದ್ದವರು ಯಾರೂ.

ಪಿಟೀಲು ಮಾತ್ರ ದಿನಾ ಇಳಿಯುತ್ತಿದ್ದಳು. ಸಂಜೆ ಅಮ್ಮ ಬರುವುದರೊಳಗೆ, ಅಜ್ಜ ಕುರ್ಚಿಯಲ್ಲೇ ತೂಕಡಿಸುವ ಹೊತ್ತು ನೋಡಿ, ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಹೋಗಿ ಕ್ಯಾನ್ ಎತ್ತಿಕೊಳ್ಳುತ್ತಿದ್ದಳು. "ನೀನು ಕ್ಯಾನ್ ಮುಟ್ಟಬೇಡ, ಚೆಲ್ತೀಯ," ಎಂದು ಅಮ್ಮ ಹೇಳಿದ್ದಳು, ನಿಜ. ಆದರೆ ಅಮ್ಮನಿಗೆ ಅಣಬೆಗಳ ಸಂಜೆಯ ಬಾಯಾರಿಕೆ ಏನು ಗೊತ್ತು? ಅದು ಅಜ್ಜನಿಗೆ ಗೊತ್ತು, ಪಿಟೀಲಿಗೆ ಗೊತ್ತು. ನೀರು ಹಾಕಿ, ಬಲ್ಬು ಆರಿಸಿ ಮೇಲೆ ಬಂದರೆ ಮನಸ್ಸಿಗೆ ಒಂಥರಾ ಸಮಾಧಾನವಾಗುತ್ತಿತ್ತು. ಅಜ್ಜನ ಕೆಲಸವನ್ನು ತಾನು ಬಿಟ್ಟಿಲ್ಲ ಎನಿಸುತ್ತಿತ್ತು.

ಮೊದಲ ಕಲೆ ಕಾಣಿಸಿದ ದಿನ ಅವಳು ಇನ್ನೂ ಒಂದು ಕ್ಯಾನ್ ಜಾಸ್ತಿ ಹಾಕಿದಳು. ಕೊಳೆ ಇದ್ದರೆ ತೊಳೆಯಬೇಕು ತಾನೆ? ಕಲೆ ಹೆಚ್ಚಿದಷ್ಟೂ ನೀರು ಹೆಚ್ಚಿತು. ನೀರು ಹೆಚ್ಚಿದಷ್ಟೂ ಕಲೆ ಹೆಚ್ಚಿತು.

ಸೋಮವಾರ ಪಿಟೀಲು ಕಲೆ ಬಂದ ಅಣಬೆಯೊಂದನ್ನು ಖಾಲಿ ಡಬ್ಬಿಯಲ್ಲಿ ಹಾಕಿಕೊಂಡು ಶಾಲೆಗೆ ಹೋದಳು. ಪಕ್ಕದಲ್ಲಿ ಕೂರುವ ಕನ್ನಡಕದ ಹುಡುಗಿ ಮುಚ್ಚಳ ತೆಗೆದು ನೋಡಿ, "ಅಯ್ಯೇ! ಹಸೀದೇ ತಿಂತೀಯಾ?" ಎಂದು ಇಡೀ ಕ್ಲಾಸಿಗೆ ಕೇಳುವ ಹಾಗೆ ಕಿರುಚಿದಳು.

"ತಿನ್ನಕ್ಕಲ್ಲ, ಮಿಸ್‌ಗೆ ತೋರಿಸಕ್ಕೆ."

ಸೈನ್ಸ್ ಮಿಸ್ ಒಳ್ಳೆಯವರು. ಇಂಥದ್ದೇನಾದರೂ ಸಿಕ್ಕಿದರೆ ಊಟದ ಬಿಡುವನ್ನೂ ಮರೆಯುತ್ತಿದ್ದರು. ಅಣಬೆಯ ಕಂದು ಸಿಪ್ಪೆಯಿಂದ ಚೂರು ಕೆರೆದು, ಗಾಜಿನ ಮೇಲೆ ನೀರಿನ ಹನಿಯಲ್ಲಿ ಬೆರೆಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರು.

"ಬಾ, ನೋಡು. ಉಸಿರು ಬಿಡ್ಬೇಡ ಅದರ ಮೇಲೆ."

ಪಿಟೀಲು ಒಂದು ಕಣ್ಣು ಮುಚ್ಚಿ ನೋಡಿದಳು. ಮೊದಲು ಅವಳ ರೆಪ್ಪೆಯೇ ಕಾಣಿಸಿತು. ಆಮೇಲೆ ಸಣ್ಣ ಸಣ್ಣ ಚುಕ್ಕಿಗಳು ಕಂಡವು. ಅವು ಅತ್ತಿತ್ತ ಸರಿದಾಡುತ್ತಿದ್ದವು.

"ಜೀವ ಇದೆ ಮಿಸ್!"

"ಇದೆಯಲ್ಲ. ಬ್ಯಾಕ್ಟೀರಿಯಾ ಅದು. ನಿಮ್ಮ ಅಣಬೆಗೆ ಕಾಯಿಲೆ ಇದರಿಂದ್ಲೇ ಬಂದಿರಬೇಕು."

"ಎಲ್ಲಿಂದ ಬಂತು ಮಿಸ್? ಗೋಡೆಯಿಂದ್ಲಾ?"

"ಎಲ್ಲಿಂದ್ಲೂ ಬರಬೇಕಾಗಿಲ್ಲ. ಮಣ್ಣಲ್ಲಿ, ನೀರಲ್ಲಿ, ಗೊಬ್ಬರದಲ್ಲಿ ಇದ್ದೇ ಇರುತ್ತೆ. ಅಣಬೆ ಮೈ ಒಣಗಿದ್ರೆ ತನ್ನ ಪಾಡಿಗೆ ತಾನಿರುತ್ತೆ, ಪಾಪ. ಅದೇ, ಮೂರ್ನಾಲ್ಕು ಗಂಟೆ ಒದ್ದೆ ಹಾಗೇ ಉಳೀತು ಅಂದ್ಕೋ, ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ದೊಡ್ಡ ದಂಡೇ ಕಟ್ಟಿಕೊಂಡು ಅಣಬೆ ಮೇಲೆ ವಿಷ ಬಿಡುತ್ತೆ. ಆಗಲೇ ಹೀಗೆ ಕಂದು ಕಲೆ ಬರೋದು."

ಪಿಟೀಲು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. "ಕಲೆ ಬಂದಾಗ ನೀರು ಹಾಕಿ ತೊಳೆದ್ರೆ ಹೋಗುತ್ತಾ ಮಿಸ್?"

"ಅಯ್ಯೋ, ಬೆಂಕಿಗೆ ತುಪ್ಪ ಸುರಿದ ಹಾಗಾಗುತ್ತೆ! ಹನಿ ಸಿಡಿದು ಪಕ್ಕದ್ದಕ್ಕೂ ಹರಡುತ್ತೆ. ಯಾಕೆ, ನಿಮ್ಮನೇಲಿ ಯಾರಾದ್ರೂ ಹಾಗೆ ಮಾಡಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಿಟೀಲು ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಇಲ್ಲ ಮಿಸ್. ಸುಮ್ನೆ ಕೇಳ್ದೆ."

ಅವತ್ತು ಸಂಜೆ ನೆಲಮಾಳಿಗೆಗೆ ಇಳಿದವಳು ಕ್ಯಾನ್ ಮುಟ್ಟಲಿಲ್ಲ. ಟ್ರೇಗಳ ಮುಂದೆ ಸುಮ್ಮನೆ ನಿಂತಳು. ಅಮ್ಮ ಪಾಪ, ನಿನ್ನೆ ಇಡೀ ದಿನ ಬ್ರಷ್ ಹಿಡಿದು ಗೋಡೆ ಉಜ್ಜಿದ್ದಳು. ಗೋಡೆಯ ತಪ್ಪು ಏನೂ ಇರಲಿಲ್ಲ. ಈಗ ಬಾಯಿಮುಚ್ಚಿಕೊಂಡು ಸಂಜೆಯ ನೀರು ನಿಲ್ಲಿಸಿಬಿಟ್ಟರೆ? ಕಲೆ ತಾನಾಗಿ ಹೋಗಬಹುದು, ಯಾರಿಗೂ ಗೊತ್ತಾಗುವುದೂ ಇಲ್ಲ. ಆದರೆ ಹೋಗದಿದ್ದರೆ? ದಂಡು ಕಟ್ಟಿಕೊಂಡ ಬ್ಯಾಕ್ಟೀರಿಯಾ ಟ್ರೇಗಳ ತುಂಬ ಕುಳಿತಿದೆ. ಅದನ್ನು ಓಡಿಸುವುದು ಹೇಗೆಂದು ಗೊತ್ತಿರುವುದು ಒಬ್ಬರಿಗೆ ಮಾತ್ರ, ಅವರಿಗೇ ಯಾರೂ ಹೇಳಿಲ್ಲ.

ಅವಳು ಮೇಲೆ ಬಂದು ಅಜ್ಜನ ಕುರ್ಚಿಯ ಮುಂದೆ ನಿಂತಳು.

"ಅಜ್ಜ, ಬೋಳುಮಂಡೆಗಳು ಬೆಳ್ಳಗಿಲ್ಲ."

ಆಮೇಲೆ ಎಲ್ಲವೂ ಒಟ್ಟಿಗೇ ಬಂತು. ಕಲೆ, ಕ್ಯಾನ್, ಹೋಟೆಲಿನ ಡಬ್ಬ, ಹಾಸಿಗೆ ಗೋಡೌನು, ಮೈಕ್ರೋಸ್ಕೋಪು. ಜೊತೆಗೆ ಅಳುವೂ ಬಂತು. ಹತ್ತು ವರ್ಷದ ಹಿಂದಿನ ಆ ಸಣ್ಣ ದನಿ ಎಲ್ಲಿ ಅಡಗಿತ್ತೋ ಏನೋ, ಮನೆ ತುಂಬ ಕೇಳಿಸಿತು.

ಅಜ್ಜ ಅರ್ಧ ಕೇಳಿ, ಅರ್ಧ ಊಹಿಸಿಕೊಂಡ. "ಹೋಗು, ಒಂದು ಕಿತ್ಕೊಂಡು ಬಾ," ಎಂದ.

ಅವಳು ತಂದುಕೊಟ್ಟಾಗ ಕನ್ನಡಕ ಏರಿಸಿ ಅಣಬೆಯನ್ನು ಆ ಕಡೆ ಈ ಕಡೆ ತಿರುಗಿಸಿದ. ಬೆರಳಿನ ಹಿಂಬದಿಯಿಂದ ಸವರಿದ.

"ನೀರು ಹಾಕಿದ ಮೇಲೆ ಕಿಂಡಿ ತೆಗೀತಿದ್ದೆಯಾ?"

"ಇಲ್ಲ. ನನಗೆ ಎಟುಕಲ್ಲ. ಕೋಲು ಭಾರ."

"ಒಣಗಿದ್ಯಾ ಅಂತ ಮುಟ್ಟಿ ನೋಡಿದ್ಯಾ?"

"ಒಣಗಬೇಕಾ?" ಪಿಟೀಲು ಕಣ್ಣರಳಿಸಿದಳು. "ನೀರು ಹಾಕೋದು ಒಣಗಲಿ ಅಂತಾನಾ?"

"ನೀರು ಮಣ್ಣಿಗೆ ಕಣೇ, ಮಂಡೆಗಲ್ಲ. ಮಂಡೆ ಮೇಲೆ ಬಿದ್ದದ್ದು ಆರಬೇಕು. ನೀರು ಹಾಕೋದು ಅರ್ಧ ಕೆಲಸ. ಆರೋವರೆಗೆ ಕಾಯೋದು ಇನ್ನರ್ಧ. ನಾನು ದಿನಾ ಒಂದು ಗಂಟೆ ಅಲ್ಲಿ ಕೂತಿರ್ತಿದ್ದೆನಲ್ಲ, ಮತ್ತೆ ಯಾಕೆ ಅಂದ್ಕೊಂಡೆ?"

"ಕತೆ ಹೇಳೋಕೆ."

ಅಜ್ಜ ನಕ್ಕ. "ಕಾಯೋವಾಗ ಹೊತ್ತು ಹೋಗಬೇಕಲ್ಲ!"

ಅಜ್ಜ ತಮಾಷೆಗೆ ಅಂದ ಮಾತು. ಆದರೆ ಪಿಟೀಲಿಗೆ ಅದು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಅವಳಿಗೆ ಒಂದೊಂದೇ ನೆನಪಾಯಿತು. ಮಳೆಗಾಲದಲ್ಲಿ ಕತೆಗಳು ಉದ್ದ ಇರುತ್ತಿದ್ದವು, ಯಾಕೆಂದರೆ ಮಳೆಗಾಲದಲ್ಲಿ ಏನೂ ಬೇಗ ಒಣಗುವುದಿಲ್ಲ. ಬಿಸಿಲುಗಾಲದಲ್ಲಿ ಗಿಡ್ಡ. ಅಜ್ಜ ಎದ್ದು ಹೋಗಿ ನೇವರಿಸುತ್ತಿದ್ದದ್ದು ಪ್ರೀತಿಗಲ್ಲ, ಒದ್ದೆ ಆರಿತೇ ಎಂದು ನೋಡಲಿಕ್ಕೆ. ಆರಿದ ಕೂಡಲೇ "ಇವತ್ತಿಗೆ ಸಾಕು, ನಡಿ". ಹಾಗಾದರೆ ಪತ್ತೇದಾರ, ಕ್ಯಾಪ್ಟನ್, ಸರ್ಕಸ್ಸಿನ ಹೆಂಗಸು ಯಾರೂ ತನಗಾಗಿ ಬಂದವರಲ್ಲ. ಅವರೆಲ್ಲ ಅಣಬೆ ಒಣಗಲಿ ಎಂದು ಬಂದವರು.

ಅವಳು ಮೂಗು ಒರೆಸಿಕೊಂಡಳು. ಇದನ್ನು ಹೇಳಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ.

ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಜ್ಜ ಕೂಗಿದ. "ಏನಮ್ಮಾ, ನನ್ನ ಸೊಂಟ ಮುರಿದದ್ದು, ತಲೆ ಇನ್ನೂ ಗಟ್ಟಿಯಾಗಿದೆ! ನನಗೆ ಒಂದು ಮಾತು ಹೇಳಬಾರದಿತ್ತಾ?"

ಅಮ್ಮ ಪಿಟೀಲಿನ ಕಡೆ ದುರುಗುಟ್ಟಿ ನೋಡಿದಳು. ಪಿಟೀಲು ನೆಲ ನೋಡುತ್ತ ತನ್ನ ಸಂಜೆಯ ಗುಟ್ಟನ್ನೆಲ್ಲ ಮತ್ತೊಮ್ಮೆ ಹೇಳಿದಳು. ಅಮ್ಮ ಧೊಪ್ಪೆಂದು ಕುರ್ಚಿಯಲ್ಲಿ ಕುಳಿತುಬಿಟ್ಟಳು.

"ದಿನಾನೂ? ಎರಡೆರಡು ಕ್ಯಾನ್?" ಎಂದಳು. "ನಾನು ಆ ಗೋಡೆಗೆ ಎಷ್ಟು ಬೈದಿದ್ದೀನಿ ಗೊತ್ತಾ! ಉಜ್ಜಿ ಉಜ್ಜಿ ಉಗುರು ಹೋಯ್ತು!"

"ತಪ್ಪಾಯ್ತಮ್ಮ."

"ತಪ್ಪಾಯ್ತು ಅಂದ್ರೆ ಕಲೆ ಹೋಗುತ್ತಾ?"

"ಹೋಗೋ ಹಾಗೆ ಮಾಡಬಹುದು," ಎಂದ ಅಜ್ಜ. "ಅವಳಿಗೆ ಆಮೇಲೆ ಬೈಯ್ಯುವಿಯಂತೆ. ಕಲೆ ಬಂದದ್ದನ್ನೆಲ್ಲ ಸುತ್ತಲ ಮಣ್ಣಿನ ಸಮೇತ ಕಿತ್ತು ಚೀಲಕ್ಕೆ ಹಾಕು, ದೂರ ಹೂತುಬಿಡು. ಕಲೆ ಇರೋದನ್ನ ಮುಟ್ಟಿದ ಕೈಯಲ್ಲಿ ಒಳ್ಳೇದನ್ನ ಮುಟ್ಟಬೇಡ, ಸೋಪು ಹಾಕಿ ತೊಳ್ಕೋ. ನೀರಿಗೆ ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕು. ಇನ್ನು, ಹಿಂದಿನ ಗೋಡೆಯಲ್ಲಿ ಗೋಣಿಚೀಲ ಹೊದಿಸಿದೆಯಲ್ಲ, ಅದನ್ನ ತೆಗಿ. ಒಳಗೆ ದೊಡ್ಡ ಫ್ಯಾನ್ ಇದೆ. ನೀರು ಹಾಕಿದ ಕೂಡಲೇ ಕಿಂಡಿ ತೆಗೆದು ಫ್ಯಾನ್ ಹಾಕು. ಮಂಡೆ ಆರಿದ ಮೇಲೇ ಆರಿಸು."

"ಆ ಫ್ಯಾನಾ? ಕೆಟ್ಟುಹೋಗಿಲ್ವಾ?"

"ಏನೂ ಕೆಟ್ಟಿಲ್ಲ," ಎಂದು ಅಜ್ಜ ಪೇಪರ್ ಬಿಡಿಸಿಕೊಂಡ.

ಪಿಟೀಲಿಗೆ ಶಿಕ್ಷೆಯೂ ಸಿಕ್ಕಿತು. ಮುಂದಿನ ಸರತಿ ಏಳುವವರೆಗೆ ಅವಳು ನೆಲಮಾಳಿಗೆಗೆ ಕಾಲಿಡುವ ಹಾಗಿರಲಿಲ್ಲ. ಹೊಡೆದಿದ್ದರೂ ಪರವಾಗಿರಲಿಲ್ಲ ಎನಿಸಿತು ಅವಳಿಗೆ.

ಆ ದಿನಗಳು ತೆವಳಿದವು. ಸಂಜೆ ಮೇಲಿನ ಕೋಣೆಯಲ್ಲಿ ಗಣಿತದ ಪುಸ್ತಕ ತೆರೆದು ಕುಳಿತರೂ ಕಣ್ಣು ಮೆಟ್ಟಿಲಿನ ಕಡೆಗೇ ಹೋಗುತ್ತಿತ್ತು. ಪಕ್ಕದಲ್ಲೇ ಅಜ್ಜ ಇದ್ದ. ಕತೆ ಹೇಳು ಎಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಪಿಟೀಲು ಕೇಳಲಿಲ್ಲ. ಈಗ ಒಣಗಿಸಲು ಫ್ಯಾನ್ ಇದೆಯಲ್ಲ, ಕತೆ ಯಾಕೆ ಬೇಕು ಎಂದು ಮನಸ್ಸಿನಲ್ಲೇ ಮುನಿಸಿಕೊಂಡಿದ್ದಳು. ಮುನಿಸು ಒಂದು ಕಡೆ, ಅಜ್ಜನ ಜೊತೆ ಆ ಬೋರಲು ಟ್ರೇಗಳ ಮೇಲೆ ಕೂರುವ ಆಸೆ ಇನ್ನೊಂದು ಕಡೆ. ಎರಡೂ ಸೇರಿ ಗುಣಾಕಾರವೆಲ್ಲ ತಪ್ಪಾಗುತ್ತಿತ್ತು.

ಆರನೆಯ ದಿನ ಅಮ್ಮ ಬಂದು, "ಸಾಸಿವೆ ಕಾಳಿನಷ್ಟು ಎದ್ದಿವೆ," ಎಂದಳು. ಎಂಟನೆಯ ದಿನ, "ಗೋಲಿಯಷ್ಟಾಗಿವೆ." ಬಣ್ಣದ ಮಾತು ಮಾತ್ರ ಎತ್ತಲಿಲ್ಲ. ಅಜ್ಜನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂಬಂತೆ ಮೂವರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಹತ್ತನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹಾಸಿಗೆ ಅಂಗಡಿಯವರು ಅಳತೆಯ ಟೇಪು ಹಿಡಿದು ನಿಂತಿದ್ದರು.

"ಹೇಗೂ ಹಬ್ಬದ ರಜಾ ದಿನ. ಜಾಗದ ಅಳತೆ ತಗೊಂಡು ಹೋಗೋಣ ಅಂತ ಬಂದೆ," ಎಂದರು.

ಪಿಟೀಲು ಅಜ್ಜನ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಮ್ಮ ಆಗಲೇ ನೆಲಮಾಳಿಗೆಯಲ್ಲಿದ್ದಳು. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆ ಕೇಳಿಸಿತು, ಒಂದು, ಎರಡು, ಮೂರು. ಅಮ್ಮ ಯಾವತ್ತೂ ಇಷ್ಟು ನಿಧಾನವಾಗಿ ಮೆಟ್ಟಿಲು ಹತ್ತಿದ್ದಿಲ್ಲ. ಹದಿನಾಲ್ಕನೆಯ ಮೆಟ್ಟಿಲು ದಾಟಿ ಬಂದಾಗ ಅವಳ ಕೈಯಲ್ಲಿ ತುಂಬಿದ ಬುಟ್ಟಿ ಇತ್ತು.

ಬುಟ್ಟಿಯಲ್ಲಿ ಬೆಳ್ಳನೆಯ ಅಣಬೆಗಳು. ಒಂದರ ಮೇಲೂ ಕಲೆ ಇರಲಿಲ್ಲ.

"ಅಳತೆ ತಗೋಬೇಡಿ," ಎಂದಳು ಅಮ್ಮ ಹಾಸಿಗೆ ಅಂಗಡಿಯವರಿಗೆ. "ಒಂದು ಪೊಟ್ಟಣ ಅಣಬೆ ಕೊಡ್ತೀನಿ, ಮನೆಗೆ ತಗೊಂಡು ಹೋಗಿ."

ಅವರು ಟೇಪು ಸುತ್ತಿ ಜೇಬಿಗಿಟ್ಟು, ಪೊಟ್ಟಣ ಹಿಡಿದು ಹೋದರು. ಅಜ್ಜ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಅಣಬೆ ಎತ್ತಿ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾಗಿದ್ದವು.

"ಪಿಟೀಲೂ," ಎಂದಳು ಅಮ್ಮ, "ಶಿಕ್ಷೆ ಮುಗೀತು. ಇವತ್ತಿಂದ ನೀರಿನ ಕೆಲಸ ನಿಂದೇ. ಆದರೆ ಪೂರ್ತಿ ಕೆಲಸ, ಅರ್ಧ ಅಲ್ಲ."

ಸಂಜೆ ಇಬ್ಬರೂ ನೆಲಮಾಳಿಗೆಗೆ ಇಳಿದರು. ಅಮ್ಮ ಕೋಲು ಹಿಡಿದು ಕಿಂಡಿ ತೆರೆದುಕೊಟ್ಟಳು. ಪಿಟೀಲು ಹದವಾಗಿ ನೀರು ಸಿಂಪಡಿಸಿದಳು. ಕೀಳದೆ ಬಿಟ್ಟಿದ್ದ ಸಣ್ಣ ಅಣಬೆಗಳ ತಲೆಯ ಮೇಲೆ ಹನಿಗಳು ನಿಂತವು. ಆಮೇಲೆ ಹಿಂದಿನ ಗೋಡೆಯ ಸ್ವಿಚ್ ಒತ್ತಿದಳು.

ಫ್ಯಾನ್ ಒಮ್ಮೆ ಕೆಮ್ಮಿ, ಗೊರ್ರೋ ಎಂದು ತಿರುಗತೊಡಗಿತು. ರ‍್ಯಾಕುಗಳು ಅದುರಿದವು. ಲಾರಿಯ ಎಂಜಿನ್ ಪಕ್ಕ ನಿಂತ ಹಾಗಾಯಿತು.

"ಅಮ್ಮಾ, ಇದು ಮೊದಲಿಂದ್ಲೂ ಇತ್ತಾ?" ಎಂದಳು ಪಿಟೀಲು.

"ಆಂ?"

"ಇದು ಮೊದಲಿಂದ್ಲೂ ಇತ್ತಾ!"

"ಏನಂದೆ?"

ಪಿಟೀಲು ಓಡಿಹೋಗಿ ಅಮ್ಮನ ಕಿವಿಗೇ ಬಾಯಿ ಇಟ್ಟು ಕೇಳಿದಳು. ಅಮ್ಮ ಅವಳ ಕಿವಿಗೆ ಬಾಯಿ ಇಟ್ಟು ಕೂಗಿ ಹೇಳಿದಳು: "ಹೂಂ! ನೀನು ಹುಟ್ಟೋಕ್ಕಿಂತ ಮುಂಚೆಯಿಂದ ಇದೆ! ನೀನು ಮೂರು ವರ್ಷದವಳಾಗಿ ಅಜ್ಜನ ಹಿಂದೆ ಇಲ್ಲಿಗೆ ಇಳಿಯೋಕೆ ಶುರು ಮಾಡಿದ್ಯಲ್ಲ, ಆಗ ಗೋಣಿ ಹೊದಿಸಿಬಿಟ್ರು! ಕೆಟ್ಟಿದೆ ಅಂದ್ಕೊಂಡಿದ್ದೆ!"

ಅಮ್ಮ ಮೇಲೆ ಹೋದಳು. ಪಿಟೀಲು ಕಾದಳು. ಕಿಂಡಿಯಾಚೆ ಯಾರದೋ ಕಾಲು ಹೋದವು, ಅವರ ಬೂಟಿನ ಸದ್ದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆರಳಿನ ಹಿಂಬದಿಯಿಂದ ಒಂದು ಅಣಬೆಯ ತಲೆ ಸವರಿದಳು. ಪೂರ್ತಿ ಒಣಗಿತ್ತು. ಇನ್ನೊಂದನ್ನು ಮುಟ್ಟಿದಳು, ಅದೂ ಒಣಗಿತ್ತು. ಕೈಗಡಿಯಾರ ನೋಡಿದರೆ ಬರೀ ಹನ್ನೆರಡು ನಿಮಿಷವಾಗಿತ್ತು.

ಅವಳು ಇನ್ನೊಮ್ಮೆ ಗಡಿಯಾರ ನೋಡಿದಳು. ಹನ್ನೆರಡೇ ನಿಮಿಷ. ಅಜ್ಜ ಕೂರುತ್ತಿದ್ದದ್ದು ಒಂದು ಗಂಟೆ. ಮಳೆಗಾಲದಲ್ಲಿ ಎರಡು ಗಂಟೆ. ಏಳು ವರ್ಷ.

ಪಿಟೀಲು ಫ್ಯಾನ್ ಆರಿಸಿದಳು. ನೆಲಮಾಳಿಗೆ ಇದ್ದಕ್ಕಿದ್ದಂತೆ ಶಾಂತವಾಯಿತು. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಒಂದೊಂದು ಹೆಜ್ಜೆಗೆ ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಬಂದಳು.

"ಆರಿದ್ವಾ?" ಎಂದ ಅಜ್ಜ.

"ಆರಿದ್ವು. ಹನ್ನೆರಡು ನಿಮಿಷಕ್ಕೆ."

ಅಜ್ಜ ಕಿಟಕಿಯ ಹೊರಗೆ ನೋಡಿದ. ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವನ ಹಾಗಿತ್ತು ಅವನ ಮುಖ.

"ಒಳ್ಳೇ ಫ್ಯಾನ್ ಅದು," ಎಂದ. ಸ್ವಲ್ಪ ತಡೆದು, "ಆದ್ರೆ ವಿಪರೀತ ಗದ್ದಲ ಕಣೇ," ಎಂದ.

ಪಿಟೀಲು ಅಜ್ಜನ ಕುರ್ಚಿಗೆ ಒರಗಿ ನೆಲದ ಮೇಲೆ ಕುಳಿತಳು.

"ಹೌದಜ್ಜ," ಎಂದಳು. "ಪಕ್ಕದಲ್ಲಿ ಕೂತವರ ಮಾತೂ ಕೇಳಿಸಲ್ಲ."